ರೋಶ್‌ಫೋರ್‌ನ ಹುಡುಗಿಯರು: ಊರಿಗೇ ಬಣ್ಣ ಬಳಿಸಿದ ಫ್ರೆಂಚ್ ಚಿತ್ರ

ಚಿತ್ರ: ಲೆ ದೆಮುವಾಜೆಲ್ ದ ರೋಶ್‌ಫೋರ್ (1967)
ನಿರ್ದೇಶನ: ಜಾಕ್ ದೆಮಿ
ಸಂಗೀತ: ಮಿಶೆಲ್ ಲೆಗ್ರಾಂ
ತಾರಾಗಣ: ಕ್ಯಾಥರೀನ್ ದೆನೂವ್, ಫ್ರಾನ್ಸ್ವಾಸ್ ದೋರ್ಲಿಯಾಕ್, ದಾನಿಯೆಲ್ ದಾರಿಯೂ, ಮಿಶೆಲ್ ಪಿಕೊಲಿ, ಜಾಕ್ ಪೆರಾಂ, ಜೀನ್ ಕೆಲ್ಲಿ

ಹಾಡು, ಕುಣಿತ, ತಮಾಷೆ ಮೂರೂ ಬೆರೆತ ಫ್ರೆಂಚ್ ಚಿತ್ರಗಳ ಪೈಕಿ ಇಂದಿಗೂ ಜನ ನೆನೆಯುವ ಚಿತ್ರವಿದು. ರೋಶ್‌ಫೋರ್ ಪಶ್ಚಿಮ ಫ್ರಾನ್ಸಿನಲ್ಲಿ ಶಾರಾಂತ್ ನದಿಯ ದಡದಲ್ಲಿರುವ ಊರು. 1666ರಲ್ಲಿ ಹದಿನಾಲ್ಕನೇ ಲೂಯಿಯ ನೌಕಾಪಡೆಗಾಗಿ ಕಟ್ಟಿದ್ದು.

ಕಥೆ

ಡೆಲ್ಫಿನ್ ಮತ್ತು ಸೊಲಾಂಜ್ ಅವಳಿ ಸೋದರಿಯರು. ಒಬ್ಬಳು ನೃತ್ಯ ಕಲಿಸುತ್ತಾಳೆ, ಇನ್ನೊಬ್ಬಳು ಸಂಗೀತ. ಇಬ್ಬರಿಗೂ ಪ್ಯಾರಿಸ್‌ಗೆ ಹೋಗುವ ಕನಸು. ತಾಯಿ ಇವೊನ್ ಊರ ಚೌಕದಲ್ಲಿ ಕೆಫೆ ನಡೆಸುತ್ತಾಳೆ. ಆಕೆ ಹಿಂದೆ ಸಿಮೋನ್ ದಾಮ್ ಎಂಬುವನನ್ನು ಬಿಟ್ಟು ಬಂದವಳು. ಕಾರಣ? ಮದುವೆಯಾದರೆ 'ಮದಾಮ್ ದಾಮ್' ಆಗಬೇಕಲ್ಲ ಎಂಬ ನಾಚಿಕೆ! 'ದಾಮ್' ಎಂದರೆ ಫ್ರೆಂಚಿನಲ್ಲಿ ಮಹಿಳೆ. ಆಕೆ ಮೆಕ್ಸಿಕೋದಲ್ಲಿದ್ದಾಳೆ ಎಂದು ನಂಬಿದ ಸಿಮೋನ್ ಅದೇ ಊರಿನಲ್ಲಿ ಸಂಗೀತದ ಅಂಗಡಿ ಇಟ್ಟಿರುತ್ತಾನೆ.

ಇತ್ತ ನಾವಿಕ ಮಾಕ್ಸಾನ್ಸ್ ತನ್ನ ಕನಸಿನ ಹುಡುಗಿಯ ಚಿತ್ರ ಬರೆದಿದ್ದಾನೆ. ಅದು ಥೇಟ್ ಡೆಲ್ಫಿನ್‌ಳ ಮುಖ. ಇಬ್ಬರೂ ಪರಸ್ಪರ ನೋಡಿಲ್ಲ. ಅವನು ಕೆಫೆಯಿಂದ ಹೊರಬಿದ್ದ ಮರುಕ್ಷಣವೇ ಅವಳು ಒಳಬರುತ್ತಾಳೆ. ಕೊನೆಯಲ್ಲಿ ಅವನು ಹತ್ತುವ ಲಾರಿ ಅವಳು ಹೊರಟ ಜಾತ್ರೆ ತಂಡದ್ದೇ. ಆದರೆ ಭೇಟಿಯನ್ನು ದೆಮಿ ತೋರಿಸುವುದಿಲ್ಲ. ಅದು ಪ್ರೇಕ್ಷಕನ ಪಾಲಿಗೆ ಬಿಟ್ಟದ್ದು.

ಚಿತ್ರೀಕರಣ

ಚಿತ್ರೀಕರಣ ನಡೆದದ್ದು 1966ರ ಬೇಸಿಗೆಯಲ್ಲಿ, ಸ್ಟುಡಿಯೋ ಬದಲು ಊರಿನಲ್ಲೇ. ಕಲಾ ನಿರ್ದೇಶಕ ಬೆರ್ನಾರ್ ಎವೈನ್ ಮನೆಗಳ ಗೋಡೆ, ಕಿಟಕಿಗಳಿಗೆ ತಿಳಿ ಬಣ್ಣಗಳನ್ನು ಬಳಿಸಿದರು. ಚಿತ್ರ ಶುರುವಾಗುವುದು 1900ರಲ್ಲಿ ಕಟ್ಟಿದ ಸೇತುವೆಯ ಮೇಲೆ. ಇಲ್ಲಿ ವಾಹನಗಳು ಸೇತುವೆ ಮೇಲೆ ಓಡುವುದಿಲ್ಲ. ತಂತಿಗಳಿಗೆ ನೇತುಹಾಕಿದ ತೊಟ್ಟಿಲೇ ಎಲ್ಲರನ್ನೂ ಹೊತ್ತು ನದಿ ದಾಟಿಸುತ್ತದೆ. ಫ್ರಾನ್ಸಿನಲ್ಲಿ ಇಂಥದ್ದು ಉಳಿದಿರುವುದು ಇದೊಂದೇ.

ನಮ್ಮ ಚಿತ್ರಗಳಂತೆ ಇಲ್ಲಿಯೂ ಹಿನ್ನೆಲೆ ಗಾಯನವಿದೆ. ದೆನೂವ್‌ಗೆ ಆನ್ ಜೆರ್ಮೈನ್, ದೋರ್ಲಿಯಾಕ್‌ಗೆ ಕ್ಲೋದ್ ಪರಾಂ ದನಿ ಕೊಟ್ಟರು. ತಾಯಿಯ ಪಾತ್ರದ ದಾರಿಯೂ ಮಾತ್ರ ಸ್ವತಃ ಹಾಡಿದರು. ಲೆಗ್ರಾಂ ಸಂಗೀತ ಆಸ್ಕರ್‌ಗೆ ನಾಮಕರಣಗೊಂಡಿತ್ತು.

ಅಕ್ಕ, ತಂಗಿ

ತೆರೆಯ ಅವಳಿಗಳು ನಿಜ ಜೀವನದಲ್ಲೂ ಒಡಹುಟ್ಟಿದವರು. ದೋರ್ಲಿಯಾಕ್ ಅಕ್ಕ, 1942ರಲ್ಲಿ ಹುಟ್ಟಿದವರು. ದೆನೂವ್ ಒಂದು ವರ್ಷ ಕಿರಿಯರು, ತಾಯಿಯ ತವರಿನ ಹೆಸರು ಇಟ್ಟುಕೊಂಡವರು. ಚಿತ್ರ 1967ರ ಮಾರ್ಚ್‌ನಲ್ಲಿ ತೆರೆಕಂಡಿತು. ಅದೇ ಜೂನ್ 26ರಂದು ನೀಸ್ ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರು ಅಪಘಾತದಲ್ಲಿ ದೋರ್ಲಿಯಾಕ್ ತೀರಿಕೊಂಡರು. ವಯಸ್ಸು 25. ಹಾಗಾಗಿ ಇಬ್ಬರೂ ಕೈಕೈ ಹಿಡಿದು ಕುಣಿಯುವ ಈ ನಗೆಯ ಚಿತ್ರವನ್ನು ಫ್ರೆಂಚರು ಇಂದು ಕಣ್ಣಂಚು ಒದ್ದೆ ಮಾಡಿಕೊಂಡೇ ನೋಡುತ್ತಾರೆ.

ದೆಮಿ 1990ರಲ್ಲಿ ನಿಧನರಾದರು. ಚಿತ್ರದ 25ನೇ ವರ್ಷದ ಸಂಭ್ರಮವನ್ನು ಅವರ ಪತ್ನಿ, ನಿರ್ದೇಶಕಿ ಆನ್ಯೆಸ್ ವಾರ್ದಾ 1993ರ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದ್ದಾರೆ. ರೋಶ್‌ಫೋರ್ ರೈಲು ನಿಲ್ದಾಣದ ಮುಂದಿನ ಚೌಕಕ್ಕೆ ಈಗ ಫ್ರಾನ್ಸ್ವಾಸ್ ದೋರ್ಲಿಯಾಕ್ ಅವರ ಹೆಸರಿದೆ.