ಸಿಸ್ಟರ್ ಹೋದ ಮೇಲೆ ಮನೆಯವರು ಹೋಗುವುದು ಯಾವಾಗ?

ಯಾರದೋ ಮಗಳು ನರ್ಸ್ ಕೆಲಸಕ್ಕೆ ಫಾರಿನ್‌ಗೆ ಹೋಗುತ್ತಾಳೆ ಅಂದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ "ಸಂಬಳ ಎಷ್ಟಂತೆ?". ಎರಡನೆಯದು "ಏಜೆಂಟನಿಗೆ ಎಷ್ಟು ಕೊಟ್ಟರಂತೆ?". ಮೂವತ್ತು ವರ್ಷಕ್ಕೂ ಮೇಲೆ ಮುಂಬಯಿಯಲ್ಲಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತ ನನಗೆ ಮೂರನೆಯ ಪ್ರಶ್ನೆಯೇ ದೊಡ್ಡದು ಅನ್ನಿಸುತ್ತದೆ. ಗಂಡ, ಮಕ್ಕಳು ಜೊತೆಗೆ ಹೋಗಬಹುದಾ?

ಈ ಪ್ರಶ್ನೆಗೆ ಉತ್ತರ ಆ ಹುಡುಗಿಯ ಮನೆಯಲ್ಲಿ ತೀರ್ಮಾನ ಆದದ್ದು ಬಹಳ ಕಡಿಮೆ. ಜರ್ಮನಿ, ಅಮೆರಿಕ, ಕುವೈತ್, ಬ್ರಿಟನ್ ಸರಕಾರಗಳ ಕಚೇರಿಗಳಲ್ಲಿ ತೀರ್ಮಾನ ಆದದ್ದೇ ಹೆಚ್ಚು. ಅರವತ್ತು ವರ್ಷದ ಕತೆ ಇದು. ನಾನೇನೂ ಇತಿಹಾಸ ಓದಿದವನಲ್ಲ, ಬಿಕಾಂ ಮನುಷ್ಯ. ಓದಿದ್ದು, ಕೌಂಟರಿನಲ್ಲಿ ಕಂಡದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕೇರಳದ ಮತ್ತು ನಮ್ಮ ಮಂಗಳೂರು ಕಡೆಯ ಕ್ರೈಸ್ತ ಹುಡುಗಿಯರೇ ಮೊದಲು ಈ ಕೆಲಸಕ್ಕೆ ಹೆಚ್ಚಾಗಿ ಬಂದದ್ದು ಯಾಕೆ ಅಂತ ನಿಮಗೆ ಗೊತ್ತಿರಬಹುದು. ಅನ್ಯರ ಮೈ ಮುಟ್ಟುವ ಕೆಲಸ, ರಾತ್ರಿ ಪಾಳಿ... ಮೇಲ್ಜಾತಿ ಮನೆಗಳಲ್ಲಿ ಅದನ್ನು ಕೀಳು ಅಂದುಕೊಂಡಿದ್ದರು. ಮಿಷನ್ ಆಸ್ಪತ್ರೆಗಳು ಇದ್ದಲ್ಲಿ ಆ ಸಂಕೋಚ ಬೇಗ ಕರಗಿತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲೇ ಔಷಧ ಕೊಡಲು ಶುರು ಮಾಡಿದ್ದರು. ವೆಲ್ಲೂರು ಮತ್ತು ದಿಲ್ಲಿಯಲ್ಲಿ 1946ರಲ್ಲಿ ನರ್ಸಿಂಗ್ ಪದವಿ ಶುರುವಾಯಿತು. ಊರಿಂದ ಹೊರಟ ಹುಡುಗಿಯರಿಗೆ ಮೊದಲ ಪರದೇಶ ಅಂದರೆ ಬೊಂಬಾಯಿಯ ಆಸ್ಪತ್ರೆಯೇ. ಅಲ್ಲಿ ಎರಡು-ಮೂರು ವರ್ಷದ ಅನುಭವ, ಆಮೇಲೆ ಕೊಲ್ಲಿ.

ಆದರೆ ಕೊಲ್ಲಿಗಿಂತ ಮೊದಲು ಜರ್ಮನಿ ಇತ್ತು. 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಲ್ಲಿ ಜನ ಸಾಲದೆ ಹೋದಾಗ ಕ್ಯಾಥೊಲಿಕ್ ಚರ್ಚಿನ ಮೂಲಕ ಕೇರಳದ ಸಾವಿರಾರು ಹುಡುಗಿಯರು ಅಲ್ಲಿಗೆ ಹೋದರು. ಹೆಚ್ಚಿನವರು ಆಗಷ್ಟೇ ಶಾಲೆ ಮುಗಿಸಿದವರು, ನರ್ಸಿಂಗ್ ಕಲಿತದ್ದೂ ಅಲ್ಲಿಯೇ. ಅವರನ್ನು ಕರೆಸಿಕೊಂಡವರು ಕುಟುಂಬದ ವಿಚಾರ ಮಾಡಿರಲೇ ಇಲ್ಲ. ಹದಿನೆಂಟರ ಹುಡುಗಿಗೆ ಎಲ್ಲಿಯ ಕುಟುಂಬ? ಆದರೆ ವಯಸ್ಸು ಹಾಗೇ ನಿಲ್ಲುತ್ತದೆಯೇ! ರಜೆಗೆ ಊರಿಗೆ ಬಂದರು, ಮದುವೆಯಾದರು, ಗಂಡಂದಿರನ್ನು ಕರೆದುಕೊಂಡು ಹೋದರು. ಎಂ.ಎ. ಓದಿದ ಗಂಡನಿಗೂ ವರ್ಷಗಟ್ಟಲೆ ಕೆಲಸದ ಪರವಾನಗಿ ಇಲ್ಲ. ಹೆಂಡತಿ ಡ್ಯೂಟಿಗೆ, ಗಂಡ ಅಡಿಗೆ ಮನೆಗೆ. 1970ರ ದಶಕದ ಕೇರಳದಿಂದ ಹೋದ ಗಂಡಸಿಗೆ ಇದು ಹೇಗಾಗಿರಬೇಡ ಯೋಚಿಸಿ.

1973ರ ನವೆಂಬರಿನಲ್ಲಿ ಜರ್ಮನಿ ಹೊರಗಿನವರ ನೇಮಕಾತಿಯನ್ನೇ ನಿಲ್ಲಿಸಿತು. ದಶಕದ ಕೊನೆಗೆ ಅಲ್ಲಿನ ಕೆಲವು ರಾಜ್ಯಗಳು ಈ ನರ್ಸ್‌ಗಳ ಪರವಾನಗಿ ನವೀಕರಿಸಲು ಒಪ್ಪಲಿಲ್ಲ. ಹತ್ತಾರು ವರ್ಷ ದುಡಿದವರು ಗಂಟು ಕಟ್ಟಬೇಕಾಯಿತು. ಕೆಲವರು ಊರಿಗೆ ಬಂದರು, ಕೆಲವರು ಅಮೆರಿಕಕ್ಕೆ ಹೋದರು. ಈಗ ಅದೇ ಜರ್ಮನಿ 2021ರ ಡಿಸೆಂಬರಿನಲ್ಲಿ ಕೇರಳ ಸರಕಾರದ ನೋರ್ಕಾ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡು ನರ್ಸ್‌ಗಳನ್ನು ಕರೆಯುತ್ತಿದೆ. ಕಾಲಾಯ ತಸ್ಮೈ ನಮಃ!

ಅಮೆರಿಕದ ದಾರಿ ಬೇರೆ. 1965ರ ವಲಸೆ ಕಾನೂನು ದೇಶವಾರು ಹಳೆಯ ಕೋಟಾ ತೆಗೆದುಹಾಕಿ, ವೃತ್ತಿಯಲ್ಲಿ ತರಬೇತಾದವರಿಗೆ ಬಾಗಿಲು ತೆರೆಯಿತು. ಅಲ್ಲಿ ಸಿಕ್ಕಿದ್ದು ಕಾಯಂ ವಾಸದ ವೀಸಾ, ಆದ್ದರಿಂದ ಗಂಡ-ಮಕ್ಕಳಿಗೂ ಹಕ್ಕಿತ್ತು. ಆದರೂ ನರ್ಸ್ ಒಬ್ಬಳೇ ಮೊದಲು ಹೋಗಿ, ಪರೀಕ್ಷೆ ಪಾಸಾಗಿ, ಬಾಡಿಗೆ ಮನೆ ಹಿಡಿದು, ಆಮೇಲೆ ಮನೆಯವರನ್ನು ಕರೆಸಿಕೊಂಡ ಸಂಸಾರಗಳೇ ಬಹಳ. ಶೀಬಾ ಜಾರ್ಜ್ ಅವರ 'ವೆನ್ ವಿಮೆನ್ ಕಮ್ ಫಸ್ಟ್' ಎಂಬ 2005ರ ಪುಸ್ತಕ ಪೂರ್ತಿ ಇಂಥ ಮಲಯಾಳಿ ಕುಟುಂಬಗಳ ಬಗ್ಗೆಯೇ. ಊರಲ್ಲಿ ಗೌರವದ ಕೆಲಸದಲ್ಲಿದ್ದ ಗಂಡ ಅಲ್ಲಿ ಹೆಂಡತಿಗಿಂತ ಕಡಿಮೆ ಸಂಬಳಕ್ಕೆ ದುಡಿಯಬೇಕು, ಕಳೆದುಕೊಂಡ ಮರ್ಯಾದೆಯನ್ನು ಚರ್ಚಿನ ಕಮಿಟಿಯಲ್ಲಿ ಹುಡುಕಬೇಕು. ಅವರನ್ನು ನೋಡಿ "ನರ್ಸ್ ಗಂಡ" ಅಂತ ನಗುವವರೂ ಇದ್ದರಂತೆ. ದುಡಿದು ಹಾಕಿದವಳನ್ನು ಬಿಟ್ಟು ಗಂಡನ ಮರ್ಯಾದೆಯ ಬಗ್ಗೆ ಅಷ್ಟು ಚಿಂತೆ ಮಾಡುವ ಸಮಾಜ ನಮ್ಮದು, ಏನು ಹೇಳೋಣ.

ಇನ್ನು ಕೊಲ್ಲಿ. ನಮ್ಮ ಕರಾವಳಿಗೆ ಹೆಚ್ಚು ಹತ್ತಿರದ್ದು ಇದೇ. 1973ರ ನಂತರ ಎಣ್ಣೆಯ ಬೆಲೆ ಏರಿ ಕುವೈತ್, ಸೌದಿಯಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳು ಎದ್ದಾಗ ನರ್ಸ್ ಬೇಕಾದರು. ಅಲ್ಲಿ ಹೋದವರು ವಲಸಿಗರಲ್ಲ, ಕಾಂಟ್ರಾಕ್ಟಿನವರು. ಎಷ್ಟು ವರ್ಷ ದುಡಿದರೂ ಆ ದೇಶದವರಾಗುವ ಮಾತಿಲ್ಲ. ನರ್ಸ್‌ಗೆ ಹಾಸ್ಟೆಲ್ ರೂಮು, ಊರಿಗೆ ಬರಲು ಟಿಕೆಟ್. ಮನೆಯವರನ್ನು ಕರೆಸಿಕೊಳ್ಳಬೇಕಾದರೆ ಸಂಬಳ ಇಷ್ಟಕ್ಕಿಂತ ಮೇಲಿರಬೇಕು ಅಂತ ಒಂದು ಗೆರೆ. ಆ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ. ಕುವೈತಿನಲ್ಲಿ 250 ದಿನಾರ್ ಇದ್ದದ್ದು 2016ರಲ್ಲಿ 450 ಆಯಿತು, 2024ರ ಜನವರಿಯಲ್ಲಿ 800 ಆಯಿತು. ಹೆಂಗಸು ಸ್ಪಾನ್ಸರ್ ಆಗಿ ಗಂಡನನ್ನು ಕರೆಸುವುದು ಇನ್ನೂ ಕಷ್ಟ. ಯುಎಇಯಲ್ಲಂತೂ ಹುದ್ದೆ ನೋಡುವುದನ್ನು ಬಿಟ್ಟು ಆದಾಯ ನೋಡುವ ನಿಯಮ ಬಂದದ್ದೇ 2019ರಲ್ಲಿ.

ಹೀಗಾಗಿ ಏನಾಯಿತು ಅಂದರೆ ಮಕ್ಕಳು ಅಜ್ಜಿ ಮನೆಯಲ್ಲಿ ಬೆಳೆದವು. ನನ್ನ ಕೌಂಟರಿಗೆ ಬರುತ್ತಿದ್ದ ಅಜ್ಜಿಯರನ್ನು ಈಗಲೂ ನೆನೆಸಿಕೊಳ್ಳಬಲ್ಲೆ. ಸೊಂಟದ ಮೇಲೊಂದು ಮಗು, ಕೈಯಲ್ಲಿ ಪಾಸ್‌ಬುಕ್ಕು. ಮಗಳ ಡ್ರಾಫ್ಟ್ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತಾ, ಕ್ಲಿಯರ್ ಆಯಿತಾ ಅಂತ ಕೇಳಲು ಬರುವುದು. ಒಬ್ಬ ಅಜ್ಜಿ ಮಗುವಿಗೆ ಕ್ಯಾಶ್ ಕೌಂಟರ್ ತೋರಿಸಿ "ಅಮ್ಮ ಕಳಿಸಿದ್ದು ಅಲ್ಲಿಂದ ಬರುತ್ತದೆ" ಅಂದಿದ್ದರು. ಆ ಮಗು ನಮ್ಮ ಕ್ಯಾಶಿಯರ್ ಕಡೆ ಬಹಳ ಹೊತ್ತು ನೋಡಿತು.

ಬ್ಯಾಂಕಿನ ನಿಯಮಗಳೂ ಈ ಕತೆಯಲ್ಲಿ ಪಾತ್ರಧಾರಿಗಳೇ. ಎನ್‌ಆರ್‌ಇ ಖಾತೆ ಶುರುವಾದದ್ದು 1970ರಲ್ಲಿ. ಆದರೆ ಆ ಖಾತೆಗೆ ಇಲ್ಲಿರುವ ಗಂಡನನ್ನು ಜಂಟಿ ಖಾತೆದಾರನಾಗಿ ಸೇರಿಸುವಂತಿರಲಿಲ್ಲ, ಇನ್ನೊಬ್ಬ ಅನಿವಾಸಿಯನ್ನು ಮಾತ್ರ ಸೇರಿಸಬಹುದಿತ್ತು. ಊರಲ್ಲಿರುವ ಗಂಡನಿಗೆ ಬೇಕಾದರೆ ಮ್ಯಾಂಡೇಟ್ ಕೊಡಬಹುದು, ಅಂದರೆ ಹೆಂಡತಿಯ ಪರವಾಗಿ ಚೆಕ್ ಸಹಿ ಮಾಡುವ ಅಧಿಕಾರ ಅಷ್ಟೇ. ಹತ್ತಿರದ ಸಂಬಂಧಿಯನ್ನು ಸೇರಿಸಬಹುದು ಅಂತ ರಿಸರ್ವ್ ಬ್ಯಾಂಕ್ ಒಪ್ಪಿದ್ದು 2011ರಲ್ಲಿ, ಅದೂ ಮೊದಲ ಹೆಸರಿನವರು ತೀರಿಕೊಂಡರೆ ಮಾತ್ರ ಎರಡನೆಯವರಿಗೆ ಹಕ್ಕು ಎಂಬ ಷರತ್ತಿನ ಮೇಲೆ. ನಲವತ್ತು ವರ್ಷ ವೀಸಾದಲ್ಲೂ ಬೇರೆ ಬೇರೆ, ಪಾಸ್‌ಬುಕ್ಕಿನಲ್ಲೂ ಬೇರೆ ಬೇರೆ!

1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಅಲ್ಲಿ ಸಿಕ್ಕಿಹಾಕಿಕೊಂಡರು. ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 488 ಹಾರಾಟ ನಡೆಸಿ ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ಕರೆತಂದಿತು. ಅವರೆಲ್ಲ ಬಂದಿಳಿದದ್ದು ನಮ್ಮ ಸಹಾರ್ ವಿಮಾನ ನಿಲ್ದಾಣದಲ್ಲೇ. ನಾನು ಮುಂಬಯಿಗೆ ಬಂದದ್ದು 1992ರಲ್ಲಿ, ಹಾಗಾಗಿ ಅದನ್ನು ಕಂಡಿಲ್ಲ. ಆದರೆ ಆಮೇಲೆ ವಿಶ್ವಸಂಸ್ಥೆಯ ಪರಿಹಾರ ಆಯೋಗದಿಂದ ಹಣ ಬಂದಾಗ ಅದರ ಬಾಲ ನಮ್ಮ ಶಾಖೆಗೂ ತಲುಪಿತ್ತು. ಕುವೈತ್, ಇರಾಕ್ ಬಿಟ್ಟು ಬರಬೇಕಾದ ಒಂಟಿ ವ್ಯಕ್ತಿಗೆ 2,500 ಡಾಲರ್, ಕುಟುಂಬಕ್ಕೆ 5,000. ಬೇರೆ ವರ್ಗದಲ್ಲಿ ಕ್ಲೇಮು ಹಾಕುವುದಿಲ್ಲ ಅಂದವರಿಗೆ 4,000 ಮತ್ತು 8,000. ಒಬ್ಬರು ಸಿಸ್ಟರ್ ನನ್ನ ಹತ್ತಿರ ಕೇಳಿದ್ದರು, "ನಾನು ಅಲ್ಲಿ ಒಂಟಿ, ಇಲ್ಲಿ ಮೂರು ಜನ ನನ್ನ ಮೇಲೆ. ನಾನು ಯಾವ ಲೆಕ್ಕ ಸರ್?" ಆಯೋಗದ ಲೆಕ್ಕದಲ್ಲಿ ಅವರು ಒಂಟಿ.

2014ರಲ್ಲಿ ಇರಾಕಿನ ತಿಕ್ರೀತ್‌ನಲ್ಲಿ ಉಗ್ರರ ಕೈಗೆ ಸಿಕ್ಕಿದ 46 ನರ್ಸ್‌ಗಳ ವಿಷಯ ನಿಮಗೆ ನೆನಪಿರಬಹುದು. ಜುಲೈ 5ರಂದು ಅವರ ವಿಮಾನ ಮುಂಬಯಿಯಲ್ಲಿ ಇಳಿದು ಕೊಚ್ಚಿಗೆ ಹೋಯಿತು. ಟಿವಿಯವರು ಕಣ್ಣೀರು ತೋರಿಸಿದರು, ಸಾಲ ತೋರಿಸಲಿಲ್ಲ. ಅವರಲ್ಲಿ ಹಲವರು ಏಜೆಂಟರಿಗೆ ಕೊಡಲು, ಓದಿಗೆ ಅಂತ ಲಕ್ಷಗಟ್ಟಲೆ ಸಾಲ ಮಾಡಿ ಹೋದವರು, ತಿಂಗಳುಗಟ್ಟಲೆ ಸಂಬಳವೂ ಸಿಕ್ಕಿರಲಿಲ್ಲ. ಮರುವರ್ಷ ಕೊಚ್ಚಿಯ ಒಂದು ಏಜೆನ್ಸಿ ಕುವೈತಿನ ಕೆಲಸಕ್ಕೆ 19,500 ರೂಪಾಯಿ ತೆಗೆದುಕೊಳ್ಳುವ ಬದಲು ತಲೆಗೆ 19.5 ಲಕ್ಷ ವಸೂಲು ಮಾಡಿತು ಅಂತ ಸಿಬಿಐ ಕೇಸು ಹಾಕಿತು. 2015ರಲ್ಲೇ ಕೇಂದ್ರ ಸರಕಾರ ಕೊಲ್ಲಿಯೂ ಸೇರಿ 18 ದೇಶಗಳಿಗೆ ನರ್ಸ್ ನೇಮಕಾತಿಯನ್ನು ಸರಕಾರಿ ಸಂಸ್ಥೆಗಳ ಮೂಲಕವೇ ಮಾಡಬೇಕು ಅಂತ ನಿಯಮ ತಂದಿತು. ಆ ಲಕ್ಷಗಳು ಎಲ್ಲಿಂದ ಬಂದವು ಅಂತ ನಮ್ಮ ಚಿನ್ನದ ಸಾಲದ ಕೌಂಟರಿನವರನ್ನು ಕೇಳಿ. ಕರಿಮಣಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ತಕ್ಕಡಿಗೆ ಬರುತ್ತಿತ್ತು.

ಈಗಿನ ಕತೆ ಬ್ರಿಟನ್ನಿನದು. 2000ದ ಸುಮಾರಿಗೆ ಅಲ್ಲಿನ ಸರಕಾರಿ ಆಸ್ಪತ್ರೆಗಳು ನಮ್ಮ ನರ್ಸ್‌ಗಳನ್ನು ದಂಡಿಯಾಗಿ ಕರೆದವು. 2006ರಲ್ಲಿ ಸಾಮಾನ್ಯ ನರ್ಸ್ ಹುದ್ದೆಯನ್ನು ಕೊರತೆಯ ಪಟ್ಟಿಯಿಂದ ತೆಗೆದು ಬಾಗಿಲು ಅರ್ಧ ಹಾಕಿದರು. 2020ರಲ್ಲಿ ಕೊರೊನಾ ಬಂದಾಗ ಆರೋಗ್ಯ ಕೆಲಸಗಾರರಿಗೆ ಬೇರೆಯೇ ವೀಸಾ ತಂದು, ಆರೋಗ್ಯ ಸರ್ಚಾರ್ಜ್ ಮನ್ನಾ ಮಾಡಿ ಪುನಃ ತೆರೆದರು. ಗಂಡ-ಮಕ್ಕಳು ಬರಬಹುದು, ಗಂಡ ಕೆಲಸವನ್ನೂ ಮಾಡಬಹುದು. 2024ರ ಮಾರ್ಚ್ 11ರಿಂದ ಹೊಸದಾಗಿ ಹೋಗುವ ಕೇರ್ ವರ್ಕರ್‌ಗಳು ಮನೆಯವರನ್ನು ಕರೆತರುವಂತಿಲ್ಲ ಅಂತ ಮಾಡಿದರು, ನರ್ಸ್‌ಗಳಿಗೆ ಅದು ಅನ್ವಯಿಸಲಿಲ್ಲ. ಅದೇ ಮುದುಕರನ್ನು ಎತ್ತಿ ಕೂರಿಸುವ ಇಬ್ಬರು ಹೆಂಗಸರು, ಒಬ್ಬಳ ಮಗು ಅಲ್ಲಿ, ಇನ್ನೊಬ್ಬಳದು ಊರಲ್ಲಿ.

ನನ್ನ ಅಕ್ಕನ ಮಗಳು ಹೋದದ್ದು ಆ ವರ್ಷವೇ, ನರ್ಸ್ ಆಗಿ. ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ ಇಲ್ಲಿ ಮುಗಿಸಿ, ಓಸ್ಕಿ ಎಂಬ ಪ್ರಾಕ್ಟಿಕಲ್ ಪರೀಕ್ಷೆಗೆ ಅಲ್ಲಿ ಕೂರಬೇಕು. ಅದು ಪಾಸಾಗುವವರೆಗೆ ಪೂರ್ತಿ ನರ್ಸ್ ಅಲ್ಲ, ಪೂರ್ತಿ ಸಂಬಳವೂ ಅಲ್ಲ. ಮಗಳಿಗೆ ಆಗ ಮೂರು ವರ್ಷ. ಎಲ್ಲರೂ ಒಟ್ಟಿಗೆ ಹೋಗಬೇಕೋ, ಅವಳೊಬ್ಬಳೇ ಮೊದಲು ಹೋಗಬೇಕೋ ಅಂತ ಮನೆಯಲ್ಲಿ ತಿಂಗಳುಗಟ್ಟಲೆ ಚರ್ಚೆ. ಅಕ್ಕ ಹೇಳಿದಳು, ಮಗು ನನ್ನ ಹತ್ತಿರ ಇರಲಿ. ಅಳಿಯ ಸುಮ್ಮನಿದ್ದ. "ಲೆಕ್ಕ ಹಾಕಿ ಕೊಡಿ ಮಾಮ" ಅಂದಳು ಅವಳು.

ಹಾಕಿಕೊಟ್ಟೆ. ಆಸ್ಪತ್ರೆ ಕೊಡುವ ರೂಮು ಶುರುವಿಗೆ ಮಾತ್ರ, ಅದೂ ಒಬ್ಬರಿಗೆ. ಮನೆ ಬಾಡಿಗೆಗೆ ಡಿಪಾಸಿಟ್ ಬೇಕು. ಮೂರು ವರ್ಷದ ಮಗುವಿಗೆ ಇಂಗ್ಲೆಂಡಿನಲ್ಲಿ ವಾರಕ್ಕೆ 15 ಗಂಟೆ ನರ್ಸರಿ ಪುಕ್ಕಟೆ. ಕೆಲಸ ಮಾಡುವ ತಂದೆ-ತಾಯಿಯರಿಗೆ ಸಿಗುವ 30 ಗಂಟೆ ಮಾತ್ರ ಸರಕಾರಿ ಸವಲತ್ತು ಪಡೆಯುವಂತಿಲ್ಲ ಎಂಬ ಷರತ್ತಿನ ವೀಸಾದವರಿಗೆ ಇಲ್ಲ, ಇವರ ವೀಸಾ ಆ ಷರತ್ತಿನದೇ. ನರ್ಸ್ ಶಿಫ್ಟ್ ಒಂದಕ್ಕೆ ಹನ್ನೆರಡೂವರೆ ಗಂಟೆ. ಅಂದರೆ ಗಂಡ-ಹೆಂಡತಿ ಬೇರೆ ಬೇರೆ ಹೊತ್ತಿಗೆ ದುಡಿದರೆ ಮಾತ್ರ ಮಗುವಿಗೆ ಒಬ್ಬರಾದರೂ ಇರುತ್ತಾರೆ. ಹಣದ ಲೆಕ್ಕದಲ್ಲಿ ಮಗುವನ್ನು ಇಲ್ಲಿ ಬಿಡುವುದೇ ಲಾಭ. ಕಾಗದ ನೋಡಿ ಅವಳು ಕೇಳಿದ್ದು ಒಂದೇ, "ಮೂವರೂ ಒಟ್ಟಿಗೆ ಹೋದರೆ ಎಷ್ಟು ತಿಂಗಳು ಕಷ್ಟ?" ಎಂಟು ತಿಂಗಳು ಅಂದೆ. ಎಂಟು ತಿಂಗಳ ಖರ್ಚಿಗೆ ಅಂತ ಬಳೆ ಮಾರಿದಳು. ಅಡವು ಇಡಲಿಲ್ಲ, ಮಾರಿದಳು, ಬಡ್ಡಿ ಬೇಡ ಅಂತ. ಮೂವರೂ ಒಂದೇ ವಿಮಾನದಲ್ಲಿ ಹೋದರು.

ಮಗು ಈಗ ಅಲ್ಲಿ ಶಾಲೆಗೆ ಹೋಗುತ್ತಿದೆ. ಅಳಿಯ ಇಲ್ಲಿ ಅಕೌಂಟ್ಸ್ ನೋಡುತ್ತಿದ್ದವನು ಅಲ್ಲಿ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಐದು ವರ್ಷಕ್ಕೆ ಕಾಯಂ ವಾಸದ ಅರ್ಜಿ ಹಾಕಬಹುದು ಅಂತ ಲೆಕ್ಕ ಹಾಕಿ ಹೋಗಿದ್ದರು. 2025ರ ಮೇ ತಿಂಗಳಲ್ಲಿ ಅಲ್ಲಿನ ಸರಕಾರ ಅದನ್ನು ಸಾಮಾನ್ಯವಾಗಿ ಹತ್ತು ವರ್ಷ ಮಾಡುವ ಪ್ರಸ್ತಾವ ಮುಂದಿಟ್ಟಿತು. ಆ ವಾರ ಅವಳ ಫೋನ್ ಬಂದಿತ್ತು. "ಮಾಮ, ನೀವು ಹಾಕಿಕೊಟ್ಟ ಕಾಗದದಲ್ಲಿ ಐದರ ಮೇಲೆ ಗೀಟು ಹಾಕಿ ಹತ್ತು ಅಂತ ಪೆನ್ಸಿಲಿನಲ್ಲಿ ಬರೆದಿದ್ದೇನೆ" ಅಂದಳು.