ಒಂಟಿ ಸವಾರ ಮತ್ತು ಗಡಿಯ ಕಾಗದಪತ್ರ: ಮೋಟಾರುಸೈಕಲ್ ಪ್ರವಾಸಕಥನಗಳು ಚರಿತ್ರೆಯ ಆಕರಗಳಾಗಿ (1932–1984)

ವಿಜಯನಗರದ ಚರಿತ್ರೆಯನ್ನು ಅಬ್ದುರ್ ರಜಾಕ್, ಪಾಯೆಸ್, ನೂನಿಜರ ಹೊರತಾಗಿ ಬರೆಯುವುದು ನಮ್ಮಲ್ಲಿ ಯಾರಿಗೂ ಸಾಧ್ಯವಾಗಿಲ್ಲ. ಇಕ್ಕೇರಿಯ ಅರಸರನ್ನು ಕುರಿತು ಬರೆಯುವವರು 1623ರಲ್ಲಿ ಅಲ್ಲಿಗೆ ಬಂದ ಪಿಯೆತ್ರೊ ದೆಲ್ಲಾ ವಲ್ಲೆಯನ್ನು ಹಾದೇ ಮುಂದೆ ಹೋಗಬೇಕು. ಟಿಪ್ಪುವಿನ ಪತನಾನಂತರದ ಮೈಸೂರು ಸೀಮೆಯ ಕೃಷಿ, ಕಸುಬುಗಳ ವಿಷಯಕ್ಕೆ 1800–01ರಲ್ಲಿ ಸಂಚರಿಸಿದ ಬುಕನನ್ನನ ವರದಿಯೇ ಮೊದಲ ಆಧಾರ. ಕುದುರೆ, ಪಲ್ಲಕ್ಕಿ, ಹಾಯಿಹಡಗುಗಳಲ್ಲಿ ಬಂದ ಪ್ರವಾಸಿಗರಿಗೆ ನಮ್ಮ ಇತಿಹಾಸಕಾರರು ಸಲ್ಲಿಸಿರುವ ಈ ಮನ್ನಣೆ, ಇಪ್ಪತ್ತನೆಯ ಶತಮಾನದಲ್ಲಿ ಎರಡು ಗಾಲಿಗಳ ಯಂತ್ರವನ್ನೇರಿ ಖಂಡಗಳನ್ನು ದಾಟಿದವರಿಗೆ ದೊರೆತಿಲ್ಲ. ಅವರ ಪುಸ್ತಕಗಳು ಗ್ರಂಥಾಲಯಗಳಲ್ಲಿ ಸಾಹಸ, ಕ್ರೀಡೆ, ಮನರಂಜನೆಯ ಕಪಾಟುಗಳಲ್ಲಿವೆ. ಅವುಗಳನ್ನು ಚರಿತ್ರೆಯ ಕಪಾಟಿಗೆ ತರಬೇಕೆಂಬುದು ಪ್ರಸ್ತುತ ಲೇಖನದ ವಾದ. ಗಡಿ ಎಂಬ ಸಂಸ್ಥೆ ಇಪ್ಪತ್ತನೆಯ ಶತಮಾನದಲ್ಲಿ ಹೇಗೆ ಬೆಳೆಯಿತು, ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂಬುದಕ್ಕೆ ಒಂಟಿ ಸವಾರನಷ್ಟು ಹತ್ತಿರದ ಸಾಕ್ಷಿ ವಿರಳ.

ಇಲ್ಲಿ ‘ಒಂಟಿ’ ಎಂಬ ವಿಶೇಷಣವೇ ಮುಖ್ಯ. ವಿಮಾನದ ಪ್ರಯಾಣಿಕನಿಗೆ ಗಡಿಯೆಂದರೆ ನಿಲ್ದಾಣದ ಒಂದು ಕಟ್ಟೆ ಮಾತ್ರ. ಬಸ್ಸಿನ ಪ್ರಯಾಣಿಕನ ಪರವಾಗಿ ಬಸ್ಸಿನವನೇ ಕಾಗದ ತೋರಿಸುತ್ತಾನೆ. ಒಂಟಿ ಸವಾರನಾದರೋ ತನ್ನ ದೇಹಕ್ಕೆ ಒಂದು ಪರವಾನಗಿ, ತನ್ನ ವಾಹನಕ್ಕೆ ಇನ್ನೊಂದು ಪರವಾನಗಿ ಹಿಡಿದು ಪ್ರತಿ ಠಾಣೆಯಲ್ಲೂ ತಾನೇ ಉತ್ತರಿಸಬೇಕು. ದೇಹದ ಪರವಾನಗಿಯಾದ ಪಾಸ್‌ಪೋರ್ಟು ಮತ್ತು ವೀಸಾ ಎಲ್ಲರಿಗೂ ತಿಳಿದವು. ವಾಹನದ ಪರವಾನಗಿಯಾದ ‘ಕಾರ್ನೆಟ್’ ಬಗ್ಗೆ ಎರಡು ಮಾತು ಅಗತ್ಯ. ಇದು ವಾಹನ ಸಂಘಗಳು ನೀಡುವ ಒಂದು ಪುಸ್ತಿಕೆ. ಅದರ ಪ್ರತಿ ಹಾಳೆಯೂ ಮೂರು ತುಂಡು. ಒಳಬರುವಾಗ ಸುಂಕದವನು ಒಂದನ್ನು ಹರಿದುಕೊಳ್ಳುತ್ತಾನೆ, ಹೊರಹೋಗುವಾಗ ಇನ್ನೊಂದನ್ನು. ಎರಡೂ ಮುದ್ರೆ ಬಿದ್ದ ಮೂರನೆಯ ತುಂಡು ಪುಸ್ತಿಕೆಯಲ್ಲೇ ಉಳಿಯುತ್ತದೆ. ತಂದ ವಾಹನವನ್ನು ಆ ದೇಶದಲ್ಲಿ ಮಾರಿಬಿಡದೆ ಮರಳಿ ಒಯ್ದನೆಂಬುದಕ್ಕೆ ಈ ತುಂಡೇ ಪುರಾವೆ. ಪುರಾವೆ ಇಲ್ಲದಿದ್ದರೆ ಆಮದು ಸುಂಕವನ್ನು ಜಾಮೀನು ನಿಂತ ಸಂಘ ತೆರಬೇಕು, ಸಂಘವು ಅದನ್ನು ಸವಾರನ ಠೇವಣಿಯಿಂದ ಮುರಿದುಕೊಳ್ಳುತ್ತದೆ. 1954ರ ಜೂನ್ 4ರಂದು ನ್ಯೂಯಾರ್ಕಿನಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆ ಖಾಸಗಿ ವಾಹನಗಳ ತಾತ್ಕಾಲಿಕ ಆಮದಿನ ಈ ಪದ್ಧತಿಗೆ ವ್ಯಾಪಕ ಆಧಾರ ಒದಗಿಸಿ, 1957ರ ಡಿಸೆಂಬರಿನಿಂದ ಜಾರಿಗೆ ಬಂದಿತು. ಹೆದ್ದಾರಿಯ ಸ್ವಾತಂತ್ರ್ಯವನ್ನು ಹಾಡಿ ಹೊಗಳುವ ಪುಸ್ತಕಗಳು ಈ ಪುಸ್ತಿಕೆಯ ಮಾತನ್ನು ಅವಸರದಲ್ಲಿ ಮುಗಿಸಿಬಿಡುತ್ತವೆ. ಸಂಶೋಧಕನು ಅಲ್ಲಿಯೇ ನಿಲ್ಲಬೇಕು.

ಮೊದಲ ನಿದರ್ಶನ ರಾಬರ್ಟ್ ಎಡಿಸನ್ ಫುಲ್ಟನ್ (1909–2004). ಅಮೆರಿಕದ ಈ ತರುಣ ಹಾರ್ವರ್ಡಿನಲ್ಲಿ ಓದಿ, ವಿಯೆನ್ನಾದಲ್ಲಿ ವಾಸ್ತುಶಿಲ್ಪ ಕಲಿತು, ಊರಿಗೆ ಮರಳುವ ಮುನ್ನ ಲಂಡನ್ನಿನ ಒಂದು ಭೋಜನಕೂಟದಲ್ಲಿ ತಾನು ಮೋಟಾರುಸೈಕಲ್ ಮೇಲೆ ಜಗತ್ತನ್ನು ಸುತ್ತಿ ಮನೆಗೆ ಹೋಗುವೆನೆಂದು ಬಾಯಿಗೆ ಬಂದಂತೆ ಹೇಳಿದರು. ಪಂಕ್ತಿಯಲ್ಲಿದ್ದವರೊಬ್ಬರು ಡಗ್ಲಸ್ ಮೋಟಾರುಸೈಕಲ್ ಕಂಪನಿಗೆ ಸೇರಿದವರಾಗಿದ್ದರು. ವಾಹನ ಕೊಡುವುದಾಗಿ ಮಾತು ಕೊಟ್ಟರು. 1932ರ ಜುಲೈಯಲ್ಲಿ ಹೊರಟ ಫುಲ್ಟನ್ 1933ರ ಡಿಸೆಂಬರ್ 24ರಂದು ನ್ಯೂಯಾರ್ಕ್ ತಲುಪಿದರು. ದಾರಿಯುದ್ದಕ್ಕೂ ಚಲಚ್ಚಿತ್ರ ತೆಗೆದರು, 1937ರಲ್ಲಿ ‘ಒನ್ ಮ್ಯಾನ್ ಕ್ಯಾರವಾನ್’ ಎಂಬ ಪುಸ್ತಕ ಪ್ರಕಟಿಸಿದರು. ಎಂಜಿನ್ನಿನ ಅಡಿಯ ತಗಡಿನ ಮರೆಯಲ್ಲಿ ಅವರು ಒಂದು ರಿವಾಲ್ವರನ್ನು ಅಡಗಿಸಿಟ್ಟಿದ್ದರು. ಅದು ಅಷ್ಟು ಗಡಿಗಳನ್ನು ದಾಟಿತೆಂಬುದೇ ಅಂದಿನ ತಪಾಸಣೆಯ ಸ್ವರೂಪವನ್ನು ಹೇಳುತ್ತದೆ.

ಫುಲ್ಟನ್ ಹಾದುಹೋದದ್ದು ಸಾಮ್ರಾಜ್ಯಗಳ ಜಗತ್ತನ್ನು ಎಂಬುದನ್ನು ಮರೆಯಲಾಗದು. ಸಿರಿಯಾ ಫ್ರೆಂಚರ ಆಡಳಿತದಲ್ಲಿತ್ತು. ಇರಾಕಿನ ಮೇಲಿನ ಬ್ರಿಟಿಷ್ ಅಧಿದೇಶ ಅವರು ಹೊರಟ ವರ್ಷದ ಅಕ್ಟೋಬರ್ 3ರಂದಷ್ಟೇ ಕೊನೆಗೊಂಡಿತು, ಆದರೂ ಅಲ್ಲಿನ ಬ್ರಿಟಿಷ್ ಪ್ರಭಾವ ಕುಗ್ಗಲಿಲ್ಲ. ಭಾರತ, ಮಲಯ ಬ್ರಿಟಿಷರವು, ಜಾವಾ, ಸುಮಾತ್ರ ಡಚ್ಚರವು, ಇಂಡೋಚೀನ ಫ್ರೆಂಚರದು. ಕರಾಚಿಯಿಂದ ಕಲ್ಕತ್ತೆಯವರೆಗೆ ಇಂದು ಕಾವಲುಗೋಪುರಗಳಿರುವ ಗಡಿಯಿರಬೇಕಾದಲ್ಲಿ ಅಂದು ಗಡಿಯೇ ಇರಲಿಲ್ಲ. ಮೂರು ನಾಲ್ಕು ರಾಜಧಾನಿಗಳ ಕೃಪೆಯಿದ್ದ ಬಿಳಿಯ ಪ್ರವಾಸಿಗೆ ಏಷ್ಯಾದ ಬಹುಭಾಗ ತೆರೆದಿತ್ತು. ಆ ದಾರಿ ‘ಮುಕ್ತ’ವಾಗಿದ್ದುದು ಅಲ್ಲಿನ ಜನ ಮುಕ್ತರಾಗಿರದ ಕಾರಣದಿಂದ. ಫುಲ್ಟನ್ನರ ಪುಸ್ತಕವನ್ನು ಹಳೆಯ ಒಳ್ಳೆಯ ಕಾಲದ ನೆನಪಾಗಿ ಓದುವವರು ಇದನ್ನು ಗಮನಿಸುವುದಿಲ್ಲ.

ನಾಲ್ಕು ದಶಕಗಳ ಅನಂತರದ ಚಿತ್ರ ಬೇರೆಯೇ. ವಸಾಹತುಗಳು ಸ್ವತಂತ್ರವಾದಂತೆ ಗಡಿಗಳ ಸಂಖ್ಯೆ ಬೆಳೆಯಿತು. ಆದರೆ ಅದೇ ಹೊತ್ತಿಗೆ ರಸ್ತೆಗಳೂ ಬೆಳೆದವು. ವಿಶ್ವಸಂಸ್ಥೆಯ ಏಷ್ಯಾ ಆರ್ಥಿಕ ಆಯೋಗ 1959ರಲ್ಲಿ ಏಷ್ಯಾ ಹೆದ್ದಾರಿಯ ಯೋಜನೆಯನ್ನು ಆರಂಭಿಸಿತು. 1960ರ ದಶಕದಲ್ಲಿ ಆಫ್ಘಾನಿಸ್ತಾನದ ದಾರಿಗಳನ್ನು ಎರಡು ಬದ್ಧವೈರಿ ಶಕ್ತಿಗಳು ಪೈಪೋಟಿಯಿಂದ ಕಟ್ಟಿಕೊಟ್ಟವು. ಕಾಬೂಲ್–ಕಂದಹಾರ್ ರಸ್ತೆ ಅಮೆರಿಕದ ನೆರವಿನದು, ಕಂದಹಾರ್–ಹೆರಾತ್ ರಸ್ತೆ ಸೋವಿಯತ್ ನೆರವಿನದು. ಇಸ್ತಾಂಬುಲಿನಿಂದ ದೆಹಲಿಯವರೆಗಿನ ಭೂಮಾರ್ಗವು ಶೀತಲ ಸಮರದ ಕೊಡುಗೆಯಾಗಿ ಸುಮಾರು ಹದಿನೈದು ವರ್ಷ ಬಾಳಿತು. ‘ಹಿಪ್ಪಿ ಹಾದಿ’ ಎಂಬ ಹೆಸರು ಅದರ ರಾಜಕೀಯ ಮೂಲವನ್ನು ಮರೆಮಾಡುತ್ತದೆ.

ಈ ಮಾರ್ಗದ ಕೊನೆಯ ದಿನಗಳ ಸಾಕ್ಷಿಗಳಲ್ಲಿ ಫ್ರಾನ್ಸಿನ ಆನ್-ಫ್ರಾನ್ಸ್ ದೋತ್‌ವಿಲ್ ಒಬ್ಬರು. 1972ರಲ್ಲಿ ಅವರು ಪ್ಯಾರಿಸಿನಿಂದ ಇಸ್ಫಹಾನಿಗೆ ಹೊರಟ, ಪುರುಷ ಸವಾರರೇ ತುಂಬಿದ್ದ ಒಂದು ಸಾಮೂಹಿಕ ಯಾತ್ರೆಯಲ್ಲಿ ಪಾಲ್ಗೊಂಡಿದ್ದರು. ಮರುವರ್ಷ 125 ಸಿ.ಸಿ.ಯ ಒಂದು ಚಿಕ್ಕ ಕವಾಸಕಿಯೊಂದಿಗೆ ಒಬ್ಬರೇ ಹೊರಟು ಕೆನಡಾ, ಜಪಾನ್, ಭಾರತ, ಪಾಕಿಸ್ತಾನ, ಆಫ್ಘಾನಿಸ್ತಾನ, ಇರಾನ್, ತುರ್ಕಿಗಳನ್ನು ಕಂಡು ಫ್ರಾನ್ಸಿಗೆ ಮರಳಿದರು. ಒಂಟಿಯಾಗಿ ಮೋಟಾರುಸೈಕಲ್ಲಿನಲ್ಲಿ ಜಗತ್ತು ಸುತ್ತಿದ ಮೊದಲ ಮಹಿಳೆಯೆಂದು ಅವರನ್ನು ಗುರುತಿಸಲಾಗಿದೆ. ಬಾಮಿಯಾನದ ಬುದ್ಧಮೂರ್ತಿಗಳನ್ನು ಅವರು ಕಂಡ ವರ್ಷದ ಜುಲೈ 17ರಂದೇ ಕಾಬೂಲಿನಲ್ಲಿ ದಾವೂದ್ ಖಾನ್ ಅರಸೊತ್ತಿಗೆಯನ್ನು ಕಿತ್ತೊಗೆದರು. ಆ ಮೂರ್ತಿಗಳು 2001ರ ಮಾರ್ಚಿನಲ್ಲಿ ನೆಲಸಮವಾದವು.

ಅದೇ 1973ರ ಅಕ್ಟೋಬರ್ 6ರಂದು ಲಂಡನ್ನಿನಿಂದ ಟೆಡ್ ಸೈಮನ್ ಎಂಬ ಪತ್ರಕರ್ತ 500 ಸಿ.ಸಿ.ಯ ಟ್ರಯಂಫ್ ಟೈಗರ್ ಏರಿ ಹೊರಟರು. ಆ ದಿನವೇ ಈಜಿಪ್ಟ್ ಮತ್ತು ಸಿರಿಯಾಗಳು ಇಸ್ರೇಲಿನ ಮೇಲೆ ಯುದ್ಧ ಆರಂಭಿಸಿದವು, ಸೈಮನ್ನರ ದಾರಿಯಾದರೋ ಈಜಿಪ್ಟನ್ನೇ ಹಾದು ಹೋಗಬೇಕಾಗಿತ್ತು. ಅವರ ವಾಹನವನ್ನು ತಯಾರಿಸುತ್ತಿದ್ದ ಮೆರಿಡನ್ ಕಾರ್ಖಾನೆಯನ್ನು ಮುಚ್ಚುವ ಪ್ರಕಟಣೆ ಹಿಂದಿನ ತಿಂಗಳಷ್ಟೇ ಹೊರಬಿದ್ದು, ಕಾರ್ಮಿಕರು ಅದನ್ನು ತಮ್ಮ ವಶಕ್ಕೆ ತೆಗೆದುಕೊಂಡಿದ್ದರು. ನಾಲ್ಕು ವರ್ಷ, 45 ದೇಶಗಳ ಆ ಯಾತ್ರೆಯ ಫಲ 1979ರ ‘ಜ್ಯೂಪಿಟರ್ಸ್ ಟ್ರಾವೆಲ್ಸ್’. ಭಾರತದಲ್ಲಿ ಒಬ್ಬ ಜ್ಯೋತಿಷಿ ತನ್ನನ್ನು ಗುರುಗ್ರಹಕ್ಕೆ ಹೋಲಿಸಿದನೆಂಬುದರಿಂದ ಆ ಹೆಸರು ಬಂದಿತು.

ಸೈಮನ್ನರ ಕೃತಿಯಲ್ಲಿ ಗಡಿಗಳೆಂದರೆ ಪ್ರತಿಯೊಂದಕ್ಕೂ ಅದರದೇ ಸ್ವಭಾವವುಳ್ಳ ಜಾಗಗಳು. ಈಜಿಪ್ಟಿನಿಂದ ಸುಡಾನಿಗೆ ಹೋಗಲು ರಸ್ತೆಯಿರಲಿಲ್ಲ. ಅಸ್ವಾನಿನ ಎತ್ತರದ ಅಣೆಕಟ್ಟಿನಿಂದ ಹಳೆಯ ವಾದಿ ಹಾಲ್ಫಾ ಮುಳುಗಿದ ಮೇಲೆ ಜಲಾಶಯದ ದೋಣಿಯೇ ದಾರಿ. ಅಲ್ಲಿಂದ ಮುಂದೆ ಅಟ್ಬರಾದಿಂದ ಕಸ್ಸಲಾದವರೆಗಿನ ಮರಳನ್ನು ಅವರು ಒಬ್ಬರೇ ದಾಟಿದರು. ಬ್ರೆಜಿಲಿನ ಫೋರ್ತಲೇಜಾದಲ್ಲಿ ಅಲ್ಲಿನ ಸೇನಾ ಆಳ್ವಿಕೆಯ ಪೊಲೀಸರು ಗೂಢಚಾರನೆಂಬ ಗುಮಾನಿಯಿಂದ ಅವರನ್ನು ಹಿಡಿದಿಟ್ಟರು. ಸಂಗಾತಿಗಳಿಲ್ಲದವನು, ಕಾರಣವಿಲ್ಲದೆ ತಿರುಗುವವನು, ಬರೆದುಕೊಳ್ಳುವವನು: ಸೇನಾ ಆಡಳಿತಕ್ಕೆ ಗೂಢಚಾರನ ಲಕ್ಷಣವೆಂದರೆ ಇವೇ. ನನ್ನ ದೃಷ್ಟಿಯಲ್ಲಿ ಪುಸ್ತಕದ ಅತ್ಯಂತ ಬೆಲೆಯುಳ್ಳ ಭಾಗವಿದು. ಮರುಭೂಮಿಯ ಸೂರ್ಯೋದಯಗಳನ್ನು ಇತರರೂ ಬರೆದಿದ್ದಾರೆ.

ಈ ಎಲ್ಲ ‘ಭೂಮಾರ್ಗ’ದ ಯಾತ್ರೆಗಳಲ್ಲಿ ನಕ್ಷೆಯ ಒಂದು ಕಡೆ ಹರಕಿದೆ. ಪೂರ್ವದಿಂದ ಭಾರತಕ್ಕೆ ಬಂದ ಸವಾರರು ನೆಲದ ಮೇಲೆ ಬರಲಿಲ್ಲ. 1962ರಲ್ಲಿ ನೆ ವಿನ್ ಅಧಿಕಾರ ಹಿಡಿದ ತರುವಾಯ ಬರ್ಮಾ ಪರಕೀಯರ ಭೂಸಂಚಾರಕ್ಕೆ ಮುಚ್ಚಿತ್ತು. ಆದ್ದರಿಂದ ಸೈಮನ್ ಪೆನಾಂಗಿನಲ್ಲಿ ಹಡಗೇರಿ ಮದ್ರಾಸಿನಲ್ಲಿ ಇಳಿದರು. 1980ರ ದಶಕದ ಆದಿಯಲ್ಲಿ ಎಲ್ಸ್‌ಪೆತ್ ಬಿಯರ್ಡ್ ಮಾಡಿದ್ದೂ ಅದನ್ನೇ. ಮದ್ರಾಸು–ಪೆನಾಂಗ್–ಸಿಂಗಪುರಗಳ ನಡುವೆ ತಮಿಳು ಕುಟುಂಬಗಳನ್ನು ಹೊತ್ತು ಓಡಾಡುತ್ತಿದ್ದ ‘ಚಿದಂಬರಂ’ ಹಡಗು 1985ರ ಫೆಬ್ರವರಿಯಲ್ಲಿ ಬೆಂಕಿಗೆ ತುತ್ತಾಗಿ ಆ ಸಂಪರ್ಕ ಕಡಿದುಹೋಯಿತು. ಒಂದು ರಾಷ್ಟ್ರದ ಬಾಗಿಲು ಮುಚ್ಚಿದುದು ಹೇಗೆ ಇನ್ನೊಂದು ರೇವಿನ ಚರಿತ್ರೆಯಾಗುತ್ತದೆಂಬುದಕ್ಕೆ ಇದು ಉದಾಹರಣೆ.

ಬಿಯರ್ಡ್ ಲಂಡನ್ನಿನ ವಾಸ್ತುಶಿಲ್ಪ ವಿದ್ಯಾರ್ಥಿನಿ. 1982ರಲ್ಲಿ, 1974ರ ಮಾದರಿಯ ಬಿ.ಎಂ.ಡಬ್ಲ್ಯು. ವಾಹನವನ್ನು ನ್ಯೂಯಾರ್ಕಿಗೆ ಸಾಗಿಸಿ ಯಾತ್ರೆ ಆರಂಭಿಸಿದರು. ಸಿಡ್ನಿಯಲ್ಲಿ ದುಡಿದು ಹಣ ಕೂಡಿಸಿಕೊಂಡರು. ಸಿಂಗಪುರದಲ್ಲಿ ಪಾಸ್‌ಪೋರ್ಟು, ಮುಂದಿನ ದೇಶಗಳ ವೀಸಾಗಳು, ಎಲ್ಲ ಕಾಗದಗಳೂ ಕಳುವಾದವು. ಅವನ್ನು ಮತ್ತೆ ಪಡೆಯಲು ವಾರಗಟ್ಟಲೆ ಅಲ್ಲಿಯೇ ಕಾಯಬೇಕಾಯಿತು. ವಾಹನ ಸುಸ್ಥಿತಿಯಲ್ಲಿತ್ತು, ಹಾದಿ ತೆರೆದಿತ್ತು, ಸವಾರಿಣಿ ಮಾತ್ರ ಕಾಗದವಿಲ್ಲದೆ ನಿಂತಿದ್ದರು.

ಅವರು ಉತ್ತರ ಭಾರತಕ್ಕೆ ಬಂದದ್ದು 1984ರ ಹೊತ್ತಿಗೆ. ಆ ವರ್ಷದ ಜೂನ್ ಮೊದಲ ವಾರದಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ಸೇನಾ ಕಾರ್ಯಾಚರಣೆ ನಡೆದು, ಪಂಜಾಬಿಗೆ ವಿದೇಶಿಯರ ಪ್ರವೇಶಕ್ಕೆ ವಿಶೇಷ ಅನುಮತಿ ಬೇಕಾಯಿತು. ಪಾಕಿಸ್ತಾನಕ್ಕೆ ರಸ್ತೆಯಲ್ಲಿ ಹೋಗುವ ಏಕೈಕ ಬಾಗಿಲು ವಾಘಾ. ವಾಘಾ ಇರುವುದು ಪಂಜಾಬಿನಲ್ಲಿ. ಭಾರತದಿಂದ ಹೊರಬರಲು ತಾನು ನಕಲಿ ಕಾಗದದ ಮೊರೆಹೊಕ್ಕೆನೆಂದು ಬಿಯರ್ಡ್ ಬಳಿಕ ಬಚ್ಚಿಡದೆ ಹೇಳಿಕೊಂಡಿದ್ದಾರೆ. ಪಂಜಾಬಿನ ಆ ದಿನಗಳ ಬಗ್ಗೆ ನಮ್ಮಲ್ಲಿ ಸರ್ಕಾರಿ ಶ್ವೇತಪತ್ರವಿದೆ, ಪತ್ರಿಕಾ ವರದಿಗಳಿವೆ, ಸ್ಮೃತಿಗಳಿವೆ. ಒಂದು ರಾಜ್ಯ ಮುಚ್ಚಿದಾಗ ಅದರ ಬೆನ್ನಿಗಿದ್ದ ಇಡೀ ಉಪಖಂಡದ ಪಶ್ಚಿಮದ ಬಾಗಿಲೇ ಮುಚ್ಚಿತೆಂಬುದು ಈ ಬಗೆಯ ಪ್ರಯಾಣಿಕರ ಬರಹದಲ್ಲಿ ಕಾಣಿಸುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣಿಸದು.

ಮುಂದಿನ ದಾರಿಯೂ ಬದಲಾಗಿತ್ತು. ಸೈಮನ್ 1977ರಲ್ಲಿ ಆಫ್ಘಾನಿಸ್ತಾನವನ್ನು ಹಾದು ಮನೆಗೆ ಮರಳಿದ್ದರು. 1978ರ ಏಪ್ರಿಲಿನ ಕ್ರಾಂತಿ, 1979ರ ಡಿಸೆಂಬರಿನ ಸೋವಿಯತ್ ಸೇನಾಪ್ರವೇಶ ಆ ದಾರಿಯನ್ನು ಅಳಿಸಿಹಾಕಿದವು. ಬಿಯರ್ಡ್ ಬಲೂಚಿಸ್ತಾನದ ಮೂಲಕ, ಇರಾಕಿನೊಡನೆ ಯುದ್ಧನಿರತವಾಗಿದ್ದ ಇರಾನನ್ನು ಹಾದು ತುರ್ಕಿ ತಲುಪಿದರು. ಈ ಭಾಗದಲ್ಲಿ ಅವರಿಗೆ ಡಚ್ ಸವಾರರೊಬ್ಬರ ಜೊತೆಯಿತ್ತು. ಆದ್ದರಿಂದ ‘ಒಂಟಿ’ ಎಂಬ ಮಾತನ್ನು ಈ ಮಟ್ಟಿಗೆ ತಿದ್ದಿ ಓದಬೇಕು. ಅವರ ಪುಸ್ತಕ ‘ಲೋನ್ ರೈಡರ್’ ಪ್ರಕಟವಾದುದು 2017ರಲ್ಲಿ. ಘಟನೆಗೂ ಬರಹಕ್ಕೂ ಮೂರು ದಶಕಗಳಿಗಿಂತ ಹೆಚ್ಚಿನ ಅಂತರವಿದೆ. ನೂನಿಜನ ವಂಶಾವಳಿಯನ್ನು ಶಾಸನಗಳೊಡನೆ ಹೋಲಿಸಿ ಸ್ವೀಕರಿಸುವಂತೆ, ಇಂತಹ ಕೃತಿಗಳನ್ನೂ ಸಮಕಾಲೀನ ದಾಖಲೆಗಳೊಡನೆ ಹೋಲಿಸಿಯೇ ಸ್ವೀಕರಿಸತಕ್ಕದ್ದು. ಪಾಸ್‌ಪೋರ್ಟಿನ ಮುದ್ರೆ, ಕಾರ್ನೆಟ್ಟಿನ ಉಳಿದ ತುಂಡುಗಳು ಈ ವಿಷಯದಲ್ಲಿ ಶಾಸನಗಳಷ್ಟೇ ನಂಬಿಕೆಗೆ ಅರ್ಹ. ಅವುಗಳ ಮೇಲೆ ದಿನಾಂಕವಿರುತ್ತದೆ, ಠಾಣೆಯ ಹೆಸರಿರುತ್ತದೆ.

ಇಷ್ಟೆಲ್ಲ ಸವಾರರು ಭಾರತಕ್ಕೆ ಬಂದರು. ಭಾರತದಿಂದ ಹೊರಟವರೆಷ್ಟು ಮಂದಿ ಎಂಬ ಪ್ರಶ್ನೆ ಸಹಜ. ಉತ್ತರದ ಒಂದು ಭಾಗ ಕಾನೂನಿನಲ್ಲಿದೆ. ಸೈಮನ್ ಹೊರಟ 1973ರಲ್ಲೇ ನಮ್ಮ ಸಂಸತ್ತು ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. 1974ರ ಜನವರಿ 1ರಿಂದ ಅದು ಜಾರಿಗೆ ಬಂದು, 2000ದ ಜೂನ್‌ವರೆಗೆ ನಡೆಯಿತು. ಪರದೇಶದ ಹಣವನ್ನು ಸರ್ಕಾರದ ಅನುಮತಿಯಿಲ್ಲದೆ ಇರಿಸಿಕೊಳ್ಳಲಾಗದವನು ವರ್ಷಗಟ್ಟಲೆ ಪರದೇಶದಲ್ಲಿ ಪೆಟ್ರೋಲು ಕೊಳ್ಳುವುದೆಂತು? ಕನ್ನಡದ ಪ್ರವಾಸಸಾಹಿತ್ಯ ಸಮೃದ್ಧವಾದುದೇ. ಕಾರಂತರ ‘ಅಪೂರ್ವ ಪಶ್ಚಿಮ’, ಗೋಕಾಕರ ‘ಸಮುದ್ರದಾಚೆಯಿಂದ’, ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ಯಾರಿಗೆ ತಿಳಿಯದು? ಆದರೆ ನಮ್ಮ ಲೇಖಕರು ಪರದೇಶವನ್ನು ಹಡಗಿನಿಂದಲೋ ವಿಮಾನದಿಂದಲೋ ಇಳಿದು ಕಂಡರು. ನೆಲದ ಗಡಿಯ ತೊಲೆಗಂಬ, ಸುಂಕದವನ ಮೇಜು, ಎರಡು ಠಾಣೆಗಳ ನಡುವಣ ಒಡೆಯನಿಲ್ಲದ ನೆಲ ಕನ್ನಡದ ಅನುಭವಲೋಕಕ್ಕೆ ಬಂದದ್ದು ತೀರ ತಡವಾಗಿ. 2018ರಲ್ಲಿ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ ಬೆಂಗಳೂರಿನಿಂದ ಸಿಡ್ನಿಯವರೆಗೆ ಮೋಟಾರುಸೈಕಲ್ ಸವಾರಿ ಮಾಡಿದರು.

ಅದೇ ವರ್ಷದ ಆಗಸ್ಟ್ 8ರಂದು ಮಣಿಪುರದ ಮೋರೆ ಮತ್ತು ಬರ್ಮಾದ ತಮು ನಡುವಣ ಗಡಿಯನ್ನು ಪಾಸ್‌ಪೋರ್ಟು, ವೀಸಾ ಉಳ್ಳವರ ಸಂಚಾರಕ್ಕೆ ವಿಧ್ಯುಕ್ತವಾಗಿ ತೆರೆಯಲಾಯಿತು. 1962ರಿಂದ ನಕ್ಷೆಯಲ್ಲಿದ್ದ ಹರಕು ಹೊಲಿಗೆ ಕಂಡಿತ್ತು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಕಾರಣ ಅದು ಮುಚ್ಚಿತು. 2021ರ ಫೆಬ್ರವರಿಯಲ್ಲಿ ಬರ್ಮಾದ ಸೇನೆ ಅಧಿಕಾರ ಹಿಡಿಯಿತು. ಪಶ್ಚಿಮದಲ್ಲಿ, ಪಹಲ್ಗಾಮಿನ ಹತ್ಯಾಕಾಂಡದ ಮರುದಿನ, 2025ರ ಏಪ್ರಿಲ್ 23ರಂದು ಅಟ್ಟಾರಿಯ ಠಾಣೆಯನ್ನು ಮುಚ್ಚುವುದಾಗಿ ಭಾರತ ಪ್ರಕಟಿಸಿತು. ಸೈಮನ್ನರ ಟ್ರಯಂಫ್ ಇಂಗ್ಲೆಂಡಿನ ಕೊವೆಂಟ್ರಿಯ ಸಾರಿಗೆ ವಸ್ತುಸಂಗ್ರಹಾಲಯಕ್ಕೆ ಸೇರಿತು. ಸವಾರರ ಕಾರ್ನೆಟ್ಟುಗಳನ್ನು, ಮುದ್ರೆ ಬಿದ್ದ ಹಾಳೆಗಳನ್ನು ಅಷ್ಟೇ ಆಸ್ಥೆಯಿಂದ ಕಲೆಹಾಕುವ ಕೆಲಸ ಸಂಶೋಧಕರ ಪಾಲಿಗಿದೆ.