ಹೆಸರು ಕಟ್ಟುವ ವಿದ್ಯೆ: ಅಮೃತಮಹಲಿನಿಂದ ಸರ್ ಮಿರ್ಜಾವರೆಗೆ



ಪಿಯುಸಿ ಫಲಿತಾಂಶ ಬಂದೊಡನೆ ಕಡೂರು, ತರೀಕೆರೆ, ಅಜ್ಜಂಪುರದ ನಮ್ಮ ಮನೆಗಳಲ್ಲಿ ಕೇಳಿಬರುವ ಉದ್ಯೋಗಗಳ ಹೆಸರು ನಾಲ್ಕೈದು ಮಾತ್ರ. ಡಾಕ್ಟರ್, ಇಂಜಿನಿಯರ್, ಟೀಚರ್, ಇಲ್ಲವಾದರೆ ಅಂಗಡಿ ವ್ಯಾಪಾರ. ಸಾರ್ವಜನಿಕ ಸಂಪರ್ಕ ಎಂಬ ವೃತ್ತಿಯ ಮಾತನ್ನು ಯಾರೂ ಎತ್ತುವುದಿಲ್ಲ. ಒಂದು ಸಂಸ್ಥೆಗೂ ಜನರಿಗೂ ನಡುವೆ ನಂಬಿಕೆ ಬೆಳೆಸುವುದು, ಸಂಸ್ಥೆಯ ಮಾತನ್ನು ಜನರಿಗೆ, ಜನರ ದೂರನ್ನು ಸಂಸ್ಥೆಗೆ ತಲುಪಿಸುವುದು ಈ ವೃತ್ತಿಯ ಕೆಲಸ. ಹೆಸರು ಹೊಸದಾದರೂ ವಿದ್ಯೆ ನಮ್ಮ ನೆಲಕ್ಕೆ ಹೊಸತಲ್ಲ. ಇತಿಹಾಸದ ಎರಡು ಪುಟಗಳನ್ನು ತಿರುವಿ ನೋಡೋಣ.

ಮೊದಲ ಪುಟ ನಮ್ಮ ಅಜ್ಜಂಪುರದ್ದೇ. ಅಲ್ಲಿನ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವನ್ನು ನೀವೆಲ್ಲ ಬಲ್ಲಿರಿ. ಮೈಸೂರು ಒಡೆಯರ ಕಾಲದಲ್ಲಿ ಈ ದನಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಎಂಬ ಹೆಸರಿತ್ತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರ್ ಅಲಿ ಈ ದನಗಳನ್ನು ಸೈನ್ಯದ ಸಾಗಾಟಕ್ಕೆ ಬಳಸಿದರು. ಟಿಪ್ಪು ಸುಲ್ತಾನರು ಇಲಾಖೆಗೆ 'ಅಮೃತಮಹಲ್' ಎಂದು ಹೆಸರಿಟ್ಟು, ದನಗಳ ಪಾಲನೆಗೆ ಹುಕುಂನಾಮೆಯನ್ನೂ ಹೊರಡಿಸಿದರು. ಹೆಸರೊಂದೇ ಬದಲಾಗಿದ್ದರೆ ಅದು ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಮೇವಿಗೆ ಕಾವಲುಗಳಿದ್ದವು, ನೋಡಿಕೊಳ್ಳಲು ಸಿಬ್ಬಂದಿಯಿದ್ದರು, ನಡೆಸಲು ನಿಯಮಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಇಲಾಖೆಯನ್ನು ವಶಪಡಿಸಿಕೊಂಡರು, ಹೆಸರನ್ನು ಮಾತ್ರ ಬದಲಿಸಲಿಲ್ಲ. 1860ರಲ್ಲಿ ಖರ್ಚು ಉಳಿಸಲೆಂದು ಹಿಂಡುಗಳನ್ನು ಮಾರಿದರು. ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಗುಣ ಇದ್ದ ಕಡೆ ಹೆಸರು ನಿಲ್ಲುತ್ತದೆ ಎಂಬುದಕ್ಕೆ ನಮ್ಮೂರ ಕಾವಲುಗಳೇ ಸಾಕ್ಷಿ.

ಎರಡನೆಯ ಪುಟ ಸರ್ ಮಿರ್ಜಾ ಇಸ್ಮಾಯಿಲ್ ಅವರದು. ಕುದುರೆ ವ್ಯಾಪಾರಕ್ಕೆಂದು ಇರಾನಿನಿಂದ ಬೆಂಗಳೂರಿಗೆ ಬಂದು ನೆಲೆಸಿದ ಆಗಾ ಅಲಿ ಅಸ್ಕರ್ ಅವರ ಮೊಮ್ಮಗ ಇವರು. 1883ರಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಕಲಿತು, 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಮೈಸೂರಿಗೆ 'ಮಾದರಿ ಸಂಸ್ಥಾನ' ಎಂಬ ಕೀರ್ತಿ ದೂರದವರೆಗೆ ಹರಡಿದ್ದರಲ್ಲಿ ಇವರ ಪಾಲು ದೊಡ್ಡದು. ಕನ್ನಂಬಾಡಿ ಅಣೆಕಟ್ಟೆಯ ಕೆಳಗೆ ಬೃಂದಾವನ ಉದ್ಯಾನ ಮೈದಳೆದದ್ದು ಇವರ ಆಸಕ್ತಿಯಿಂದ. ಬಂದವರು ನೋಡಿ ಮೆಚ್ಚಿ, ತಮ್ಮ ಊರಿಗೆ ಹೋಗಿ ಹೇಳಬೇಕು. ಅದಕ್ಕಿಂತ ದೊಡ್ಡ ಪ್ರಚಾರ ಯಾವುದಿದೆ? ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲೂ ಅವರು ಮೈಸೂರಿನ ದನಿಯಾದರು.

ಗಂಧದ ಸಾಬೂನಿನ ಕಥೆಯೂ ಇಲ್ಲಿ ನೆನೆಯತಕ್ಕದ್ದು. 1914ರ ಮಹಾಯುದ್ಧದಿಂದ ಯೂರೋಪಿಗೆ ಗಂಧದ ಮರ ಹೋಗುವುದು ನಿಂತಿತು. ನಮ್ಮ ಅಂದಿನ ಕಡೂರು ಜಿಲ್ಲೆಯೂ ಸೇರಿದಂತೆ ಸಂಸ್ಥಾನದ ಕಾಡುಗಳ ಗಂಧಕ್ಕೆ ಗಿರಾಕಿಗಳೇ ಇಲ್ಲದಂತಾಯಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ ಇಲ್ಲಿಯೇ ಎಣ್ಣೆ ತೆಗೆಯಲಾಯಿತು, ಬಳಿಕ ಸಾಬೂನು ಬಂತು. ಟ್ರಾಮ್ ಟಿಕೆಟ್ಟು, ಬೆಂಕಿಪೊಟ್ಟಣಗಳ ಮೇಲೆ ಅದರ ಚಿತ್ರ ಮೂಡಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದರಂತೆ! ಆದರೆ ಒಂಟೆಯನ್ನು ನೋಡಿ ಜನ ಒಮ್ಮೆ ಕೊಂಡಾರು. ಎರಡನೆಯ ಸಲ ಕೊಳ್ಳುವುದು ಪರಿಮಳಕ್ಕಾಗಿ.

ಇದೇ ಕಾಲದ ನೋವಿನ ಅಧ್ಯಾಯವನ್ನೂ ಮರೆಮಾಚಬಾರದು. 1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಮಾದರಿ ಸಂಸ್ಥಾನದ ಹೆಸರಿಗೆ ದೇಶದಾದ್ಯಂತ ಕಪ್ಪು ಚುಕ್ಕೆ ಬಿತ್ತು. ಯಾವ ಉದ್ಯಾನದ ದೀಪವೂ ಅದನ್ನು ಮುಚ್ಚಲಾರದಾಯಿತು. ಸರ್ಕಾರ ವಿಚಾರಣಾ ಸಮಿತಿ ನೇಮಿಸಿತು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ಮಾತುಕತೆ ನಡೆಸಿದರು, ದಿವಾನರು ಒಪ್ಪಂದಕ್ಕೆ ಬಂದರು, ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಲು ಅವಕಾಶ ದೊರೆಯಿತು. ಕೆಟ್ಟ ಹೆಸರಿಗೆ ಮದ್ದು ಜಾಹೀರಾತಲ್ಲ. ತಿದ್ದಿಕೊಳ್ಳುವುದು, ಎದುರಿನವರ ಮಾತು ಕೇಳುವುದು ಮದ್ದು.

ಈ ವಿದ್ಯೆ ವೃತ್ತಿಯಾಗಿ ಬೆಳೆದ ಬಗೆಯನ್ನೂ ತಿಳಿಯಿರಿ. ಅಮೆರಿಕದ ಐವಿ ಲೀ ಎಂಬವರು 1906ರಲ್ಲಿ, ಪತ್ರಿಕೆಗಳಿಗೆ ಮುಚ್ಚುಮರೆಯಿಲ್ಲದೆ ನಿಖರ ಸುದ್ದಿ ಕೊಡುವುದೇ ನಮ್ಮ ಕೆಲಸವೆಂದು ಸಾರಿದರು. ಎಡ್ವರ್ಡ್ ಬರ್ನೇಸ್ 1923ರಲ್ಲಿ ಈ ವಿಷಯದ ಮೇಲೆ ಪುಸ್ತಕ ಬರೆದರು. ಭಾರತದಲ್ಲಿ ಟಾಟಾ ಸಂಸ್ಥೆ 1943ರಲ್ಲಿ ಮುಂಬಯಿಯಲ್ಲಿ ಪ್ರತ್ಯೇಕ ವಿಭಾಗ ತೆರೆಯಿತು. 1958ರಲ್ಲಿ ಭಾರತೀಯ ಸಾರ್ವಜನಿಕ ಸಂಪರ್ಕ ಸಂಘ ಹುಟ್ಟಿತು. 1968ರ ಏಪ್ರಿಲ್ 21ರಂದು ದೆಹಲಿಯಲ್ಲಿ ಆರಂಭವಾದ ಅಖಿಲ ಭಾರತ ಸಮ್ಮೇಳನದಲ್ಲಿ ವೃತ್ತಿಯ ನೀತಿಸಂಹಿತೆಯನ್ನು ಒಪ್ಪಲಾಯಿತು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವಾಗಿ ಆಚರಿಸುತ್ತಾರೆ.

ನಮ್ಮ ಮಕ್ಕಳಿಗೆ ಈ ದಾರಿ ದೂರದ್ದಲ್ಲ. ತರೀಕೆರೆಯಿಂದ ಹತ್ತಿರದಲ್ಲೇ ಇರುವ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗವಿದೆ. ರಾಜ್ಯ ಸರ್ಕಾರದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಬ್ಯಾಂಕು, ಆಸ್ಪತ್ರೆ, ಕಂಪನಿಗಳಲ್ಲಿ ಇಂಥವರಿಗೆ ಕೆಲಸವಿದೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಆಡುವ ಹುಡುಗ ಹುಡುಗಿಯರ ಕೈಯಲ್ಲಿ ಆಗಲೇ ಅರ್ಧ ಬಂಡವಾಳವಿದೆ. ಉಳಿದರ್ಧಕ್ಕೆ ದಿನವೂ ಪತ್ರಿಕೆ ಓದಿ, ಶುದ್ಧವಾಗಿ ಬರೆಯಿರಿ, ಕೇಳಿದ ಸುದ್ದಿಯನ್ನು ಪರೀಕ್ಷಿಸದೆ ಇನ್ನೊಬ್ಬರಿಗೆ ಹೇಳಬೇಡಿ.

ನಮ್ಮ ಸಮಾಜದ ಬಗ್ಗೆ ಬೇರೆಯವರು ಏನೇನೋ ಹೇಳುತ್ತಾರೆಂದು ನಾವು ಕೊರಗುವುದುಂಟು. ನಮ್ಮ ಮಾತನ್ನು ನಾವೇ ಆಡಲು ಕಲಿಯದಿದ್ದರೆ ಆ ಜಾಗದಲ್ಲಿ ಬೇರೆ ಯಾರೋ ನಿಂತು ಮಾತಾಡುತ್ತಾರೆ. ಹಾಗೆಂದು ಬರೀ ಮಾತು ಕಲಿತರೂ ಸಾಲದು. ಮೊದಲು ನಡತೆ, ಆಮೇಲೆ ನುಡಿ. ಈ ಕ್ರಮ ತಪ್ಪದಿದ್ದರೆ ನೀವು ಕಟ್ಟಿದ ಹೆಸರು ನಿಮ್ಮ ಕಾಲದ ನಂತರವೂ ಉಳಿದೀತು.